ಮಗುವನ್ನೂ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ದತ್ತು, ಫಾಸ್ಟರ್ ಕೇರ್ (ಹೆತ್ತವರ ಜೊತೆ ಇರಲಾಗದ ಮಗುವನ್ನು ಬೇರೆ ಮನೆಯವರು ಸಾಕುವ ವ್ಯವಸ್ಥೆ) ಬಗ್ಗೆ ಸುದ್ದಿ ಬಂದಾಗಲೆಲ್ಲ ನಿಯಮ, ಅರ್ಜಿಗಳ ಮಾತೇ ಜಾಸ್ತಿ. ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿ ಪ್ರಕಾರ ಎರಡು ವರ್ಷ ಸಾಕಿದವರು ಆ ಮಗುವನ್ನೇ ದತ್ತು ಪಡೆಯಬಹುದು. ಮೊದಲು ಐದು ವರ್ಷ ಕಾಯಬೇಕಿತ್ತು. ಒಳ್ಳೆಯದೇ. ಆದರೆ ಮಗು ಹೇಗಿದೆ ಅಂತ ಮಗುವನ್ನೇ ಕೇಳಬೇಕು ಅಲ್ವಾ?

ಇಂಗ್ಲೆಂಡಿನ ಬ್ರೈಟ್ ಸ್ಪಾಟ್ಸ್ ಸಮೀಕ್ಷೆಯಲ್ಲಿ ಇಂಥ ಮಕ್ಕಳನ್ನೇ ಕೇಳುತ್ತಾರೆ. ನೀನು ನಂಬುವ ದೊಡ್ಡವರು ಇದ್ದಾರಾ? ಒಳ್ಳೆ ಸ್ನೇಹಿತರಿದ್ದಾರಾ? ನೀನು ಯಾಕೆ ಇಲ್ಲಿದ್ದೀಯ ಅಂತ ಯಾರಾದರೂ ವಿವರಿಸಿದ್ದಾರಾ?

ಕೊನೆಯ ಪ್ರಶ್ನೆ ನನಗೆ ನಾಟಿತು. ಏಳನೇ ವಯಸ್ಸಿಗೆ ನಮ್ಮ ಮನೆಗೆ ಬಂದ ಹುಡುಗಿ ಮೊದಮೊದಲು ಅಕ್ಕಿರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು. ಬೈಯಲಿಲ್ಲ. ಅಡುಗೆಮನೆಯ ಕೆಳಗಿನ ಶೆಲ್ಫಿನಲ್ಲಿ ಅವಳದೇ ಒಂದು ಡಬ್ಬ ಇಟ್ಟೆ. ಹಾಸಿಗೆಗೆ ಇರುವೆ ಬರುವುದೂ ನಿಂತಿತು! ಹೊಟ್ಟೆಯ ಭಯ ಹಾಗೆ ಕಳೆಯಿತು. ಆದರೆ ಶಾಲೆಯಲ್ಲಿ ಚಿಕ್ಕಂದಿನ ಫೋಟೊ ಅಂಟಿಸಿ ವಂಶವೃಕ್ಷ ಮಾಡಿ ತನ್ನಿ ಅಂದಾಗ, ಮೈ ತಣ್ಣಗಿದ್ದರೂ ಜ್ವರ ಅಂತ ಮುಸುಕು ಹಾಕಿ ಮಲಗಿದಳು. ಟೀಚರ್ ಕೆಟ್ಟವರಲ್ಲ, ಯೋಚಿಸಿರಲಿಲ್ಲ ಅಷ್ಟೇ.

ಹಾಸನ ಜಿಲ್ಲೆಯಲ್ಲಿ ಇಂಥ ಸಮೀಕ್ಷೆ ಕಷ್ಟವೇನಲ್ಲ. ಮನೆ ಭೇಟಿಗೆ ಬಂದ ಅಧಿಕಾರಿಗಳು ನಮ್ಮನ್ನು ಸ್ವಲ್ಪ ಹೊತ್ತು ಜಗಲಿಗೆ ಕಳಿಸಿ, ಮಗುವಿನ ಜೊತೆ ಮಾತ್ರ ಕೂತು ಮಾತಾಡಲಿ. ಮಕ್ಕಳು ಹೇಳಿದ್ದನ್ನು ವರ್ಷಕ್ಕೊಮ್ಮೆ ಹೆಸರಿಲ್ಲದೆ ಪ್ರಕಟಿಸಲಿ. ಶಾಲೆಗಳಿಗೂ ಒಂದು ಪ್ರತಿ ಹೋಗಲಿ. ಸಾಕುವ ನಮ್ಮ ಮೇಲೇ ದೂರು ಬಂದರೆ ಬರಲಿ ಬಿಡಿ.

– ಒಬ್ಬ ಸಾಕುತಾಯಿ, ಸಕಲೇಶಪುರ