ಅಮ್ಮಿಯ ನಡಿಗೆಯಲ್ಲೇ ಹೋಗಿ ಬಾ

ಶಿರಸಿ

ಪ್ರೀತಿಯ ಬೇಟಾ,
ಅಸ್ಸಲಾಮು ಅಲೈಕುಮ್.

ಹಜ್ ಕಮಿಟಿ ಲಿಸ್ಟಿನಲ್ಲಿ ನಿನ್ನ ಹೆಸರು, ನನ್ನ ಆಪಾ, ಅಂದರೆ ನಿನ್ನ ಅಮ್ಮಿಯ ಹೆಸರು ಎರಡೂ ಬಂದಿದೆ ಅಂತ ನೀನು ಫೋನಿನಲ್ಲಿ ಹೇಳಿದಾಗ ನನಗೆ ಗಂಟಲು ಕಟ್ಟಿತ್ತು. ಅವತ್ತು ಆಡಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನೀನು ಸೂಟ್‌ಕೇಸು, ರಿಯಾಲು, ಸಿಮ್ ಕಾರ್ಡು ಅಂತ ಏನೇನೋ ಕೇಳಿದ್ದೆ. ಅದನ್ನೆಲ್ಲ ತರಬೇತಿ ಶಿಬಿರದಲ್ಲಿ ಹೇಳಿಕೊಡುತ್ತಾರೆ. ನನ್ನ ಮಾತು ಬೇರೆ. ನಿನ್ನದು ಬಿರುಸು ನಡಿಗೆ. ನಿನ್ನ ಅಮ್ಮಿಗೆ ಮಂಡಿ ನೋವು. ಈ ಹಜ್ ಅವಳ ನಡಿಗೆಯಲ್ಲೇ ಆಗಬೇಕು.

ನಾಳೆಯಿಂದಲೇ ಶುರು ಮಾಡಿ. ಬೆಳಗಿನ ಫಜ್ರ್ ನಮಾಜ್ ಆದ ಮೇಲೆ ಇಬ್ಬರೂ ಟ್ಯಾಗೋರ್ ಬೀಚಿಗೆ ಹೋಗಿ. ಮೊದಲ ವಾರ ಅರ್ಧ ಕಿಲೋಮೀಟರ್ ಸಾಕು, ಆಮೇಲೆ ನಿಧಾನ ಹೆಚ್ಚಿಸಿ. ಮಕ್ಕಾದಲ್ಲಿ ಹಾಕುವ ಚಪ್ಪಲಿಯನ್ನು ಈಗಲೇ ಹಾಕಿ ಪಳಗಿಸಿ. ನಾನು ಹೊಸ ಚಪ್ಪಲಿಯಲ್ಲಿ ಹೋಗಿ ಹೆಬ್ಬೆರಳ ಬುಡದಲ್ಲಿ ರೂಪಾಯಿ ಅಗಲದ ಗುಳ್ಳೆ ಎಬ್ಬಿಸಿಕೊಂಡಿದ್ದೆ. ಹಜ್‌ಗೆ ಉಡುವ ಇಹ್ರಾಮಿನ ಎರಡು ಬಿಳಿ ಬಟ್ಟೆಯನ್ನೂ ಮನೆಯಲ್ಲಿ ಉಟ್ಟು ಓಡಾಡಿ ನೋಡು. ಹೊಲಿಗೆ ಇಲ್ಲದ ಬಟ್ಟೆಯಲ್ಲಿ ತೊಡೆ ಉಜ್ಜಿ ಉಜ್ಜಿ ಹುಣ್ಣಾಗುತ್ತದೆ, ಇದನ್ನು ನಾಚಿಕೆಯಿಂದ ಯಾರೂ ಹೇಳುವುದಿಲ್ಲ. ವಾಸನೆ ಇಲ್ಲದ ವ್ಯಾಸಲಿನ್ ಇಟ್ಟುಕೋ. ಇಹ್ರಾಮಿನಲ್ಲಿ ಅತ್ತರೂ ಇಲ್ಲ, ಘಮಘಮ ಸೋಪೂ ಇಲ್ಲ. ಮೊದಲು ಮದೀನಾಕ್ಕೆ ಇಳಿಸಿದರೆ ಅಲ್ಲಿಂದ ಮಕ್ಕಾಕ್ಕೆ ಹೊರಡುವಾಗ ಇಹ್ರಾಮ್. ನೇರ ಜಿದ್ದಾ ಆದರೆ ಇಲ್ಲಿಂದಲೇ ಉಟ್ಟು ಹೊರಡಿ.

ಬಿಸಿಲಿನ ವಿಷಯ ಸುಮ್ನೆ ಹೇಳುತ್ತಿಲ್ಲ. 2024ರ ಹಜ್‌ನಲ್ಲಿ ಮಕ್ಕಾದಲ್ಲಿ ಬಿಸಿಲು 50 ಡಿಗ್ರಿ ದಾಟಿತ್ತು. 1,300ಕ್ಕೂ ಜಾಸ್ತಿ ಜನ ತೀರಿಕೊಂಡರು. ನಮಗೂ ಸೆಕೆ ಗೊತ್ತು ಅಂತ ಅಂದುಕೊಳ್ಳಬೇಡ. ಕಾರವಾರದಲ್ಲಿ ಬೆವರು ಧಾರೆಯಾಗಿ ಇಳಿಯುತ್ತದೆ, ಅಂಗಿ ಅಂಟುತ್ತದೆ, ನೀರು ಕುಡಿಯಬೇಕು ಅಂತ ತಾನೇ ನೆನಪಾಗುತ್ತದೆ. ಅಲ್ಲಿ ಒಣ ಗಾಳಿ. ಬೆವರು ಬಂದದ್ದೂ ಗೊತ್ತಾಗದ ಹಾಗೆ ಆರಿ ಹೋಗುತ್ತದೆ. ಬಾಯಾರುವವರೆಗೆ ಕಾಯದೆ ಅಮ್ಮಿಗೆ ಗಳಿಗೆಗೊಮ್ಮೆ ನೀರು ಕೊಡು. ಛತ್ರಿ ಹಿಡಿಯಬಹುದು, ತಪ್ಪಿಲ್ಲ.

ಸಯೀ ಬಗ್ಗೆ ಒಂದು ಮಾತು. ಸಫಾ ಗುಡ್ಡದಿಂದ ಮರ್ವಾ ಗುಡ್ಡಕ್ಕೆ, ಮರ್ವಾದಿಂದ ಸಫಾಕ್ಕೆ ನಡೆಯುವುದು, ಒಟ್ಟು ಏಳು ಸಲ. ಎಲ್ಲ ಸೇರಿ ಮೂರು ಕಿಲೋಮೀಟರಿಗೂ ಮೇಲೆ. ಅದೂ ಕಾಬಾಕ್ಕೆ ಏಳು ಸುತ್ತು ಬಂದು ದಣಿದ ಕಾಲಿನಲ್ಲಿ. ಅಲ್ಲಿ ಮೊದಲು ಓಡಿದವರು ಯಾರು? ಬೀಬಿ ಹಾಜರಾ. ಹಸುಗೂಸು ಇಸ್ಮಾಯೀಲ್ ನೀರಿಲ್ಲದೆ ಅಳುತ್ತಿದ್ದಾಗ ಯಾರಾದರೂ ಕಾಣುತ್ತಾರಾ ಅಂತ ಆ ಗುಡ್ಡ ಈ ಗುಡ್ಡ ಹತ್ತಿ ಇಳಿದ ತಾಯಿ. ಇವತ್ತಿಗೂ ಲಕ್ಷಾಂತರ ಜನ ಒಬ್ಬ ತಾಯಿಯ ಹೆಜ್ಜೆಯ ಮೇಲೆಯೇ ನಡೆಯುತ್ತಾರೆ ಬೇಟಾ. ಹಸಿರು ದೀಪಗಳ ನಡುವೆ ಗಂಡಸರು ಸ್ವಲ್ಪ ಓಡುತ್ತಾರೆ. ನೀನು ಅಮ್ಮಿಯ ಕೈ ಬಿಟ್ಟು ಓಡಬೇಡ. ಬೇಕಿದ್ದರೆ ಮೌಲಾನಾರನ್ನೂ ಕೇಳು. ಅವಳಿಗೆ ಆಗದಿದ್ದರೆ ಗಾಲಿಕುರ್ಚಿ ತಗೋ, ಖರ್ಚು ನೋಡಬೇಡ. ಕಾಬಾದ ಕಪ್ಪು ಕಲ್ಲು ಹಜರೆ ಅಸ್ವದ್‌ಗೆ ಮುತ್ತಿಡಲು ಮೊಣಕೈಯಲ್ಲಿ ನೂಕಿ ನುಗ್ಗುವವರನ್ನು ನೋಡುತ್ತೀಯ. ನೀನು ದೂರದಿಂದಲೇ ಕೈ ಎತ್ತಿ ತೋರಿಸಿ ಮುಂದೆ ಹೋಗು, ಅಷ್ಟು ಸಾಕು.

ಜಿಲ್‌ಹಜ್ ತಿಂಗಳ 9ರಂದು ಅರಫಾತ್ ಬಯಲಲ್ಲಿ ನಿಲ್ಲುವುದು ಇದೆಯಲ್ಲ, ಹಜ್ ಎಂದರೆ ಅದೇ. ಅದು ತಪ್ಪಿದರೆ ಹಜ್ಜೇ ಇಲ್ಲ. ಆವತ್ತು ಫೋಟೊ, ವಿಡಿಯೊ ಕಾಲ್ ಬೇಡ. ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ದುವಾ ಮಾಡು. ಯಾರಿಗೆ ದುವಾ ಮಾಡಬೇಕು ಅಂತ ಒಂದು ಚೀಟಿ ಬರೆದಿಟ್ಟುಕೋ. ನಾನು ಬರೆದಿರಲಿಲ್ಲ, ಅತ್ತು ಅತ್ತು ಅರ್ಧ ಹೆಸರು ಮರೆತೆ. ಆ ನೋವು ಇನ್ನೂ ಇದೆ. ರಾತ್ರಿ ಮುಜ್ದಲಿಫಾದಲ್ಲಿ ಬಯಲಲ್ಲೇ ಮಲಗುವುದು. ಶೈತಾನನಿಗೆ ಹೊಡೆಯಲು ಕಡಲೆ ಕಾಳಿನಷ್ಟು ದೊಡ್ಡ ಕಲ್ಲು ಆರಿಸಿಕೋ, ಒಬ್ಬರಿಗೆ 49. ಜಿಲ್‌ಹಜ್ 12ಕ್ಕೆ ಹೊರಡದೆ 13ಕ್ಕೂ ಉಳಿದರೆ 70. ಆಪಾ ಹಳೇ ಸೀರೆಯಲ್ಲಿ ಎರಡು ಚೀಲ ಹೊಲಿದಿಡಲಿ.

ಇನ್ನೊಂದು. ಹಜ್‌ನಲ್ಲಿ ಜಗಳ ಕೂಡದು ಅಂತ ಕುರ್‌ಆನ್‌ನಲ್ಲೇ ಇದೆ. ಬಾವಿಕಟ್ಟೆ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ನೀನು ಮಾತು ಬಿಟ್ಟು ಎರಡು ವರ್ಷ ಆಯಿತು, ಅಲ್ವಾ? ಅದನ್ನು ಗಂಟು ಕಟ್ಟಿಕೊಂಡು ಮಕ್ಕಾಕ್ಕೆ ಹೊರಡಬೇಡ. ಕೊಡಬೇಕಾದ ಸಾಲ ಕೊಟ್ಟು, ಮಾಫಿ ಕೇಳಿಯೇ ಹೊರಡಬೇಕು. ತಪ್ಪು ಯಾರದ್ದು ಅಂತ ನಾನು ಕೇಳುವುದಿಲ್ಲ. ಬರುವ ಶುಕ್ರವಾರ ಜುಮಾ ಮುಗಿಸಿ ಘಟ್ಟ ಇಳಿದು ಬರುತ್ತೇನೆ. ಆಪಾಗೆ ಶರಬತ್ತಿಗೆ ಮುರುಗಲು ಸಿಪ್ಪೆ ತರುತ್ತೇನೆ. ಸಂಜೆ ಇಬ್ಬರೂ ಕೂಡಿ ಅವರ ಮನೆಗೆ ಹೋಗೋಣ. ನೀನು ಮಾತು ಶುರು ಮಾಡು, ನಾನು ಪಕ್ಕದಲ್ಲೇ ಇರುತ್ತೇನೆ.

ನಿನ್ನ ಮಾಮಾ