ಹರ್ಗೇಸಾದಿಂದ ಅಮ್ಮಂಗೆ

ಹರ್ಗೇಸಾ, ಸೊಮಾಲಿಲ್ಯಾಂಡ್, ಜೂನ್ 2021

ಅಮ್ಮಾ,

ನಾನು ಚೆನ್ನಾಗಿದೀನಿ. ಅಪ್ಪಾಜಿ ಕೆಮ್ಮು ಕಡ್ಮೆ ಆಯ್ತಾ? ಲಾಕ್‌ಡೌನ್ ಅಂತ ಎರಡನೇ ಡೋಸ್ ಮಾತ್ರ ಬಿಟ್ಬಿಡ್ಬೇಡಿ.

ಇಲ್ಲಿ ಮೇ 31ಕ್ಕೆ ಪಾರ್ಲಿಮೆಂಟ್ ಎಲೆಕ್ಷನ್ ಆಯ್ತು, ನೀನೂ ಈಗ ಪಂಚಾಯ್ತಿ ಮೆಂಬರ್ ಅಲ್ವಾ, ನಿಂಗೆ ಹೇಳ್ಲೇಬೇಕು ಅನ್ನಿಸ್ತು. ಇವ್ರು 1991ರಲ್ಲೇ ಸೊಮಾಲಿಯಾ ಬಿಟ್ಟು ನಮ್ದು ಸೊಮಾಲಿಲ್ಯಾಂಡ್, ಬೇರೆ ದೇಶ ಅಂದ್ರು, 30 ವರ್ಷ ಆದ್ರೂ ಒಂದೇ ಒಂದು ದೇಶ ಹೂಂ ಅಂದಿಲ್ಲ, ಆದ್ರೆ ಸ್ವಂತ ದುಡ್ಡು, ಪೊಲೀಸು, ಪಾಸ್‌ಪೋರ್ಟು ಎಲ್ಲ ಇದೆ. ಪಾರ್ಲಿಮೆಂಟಿಗೆ ಹಿಂದೆ ಓಟು ಹಾಕಿದ್ದು 2005ರಲ್ಲಿ, ಮುಂದಕ್ ಹಾಕ್ತಾ ಹಾಕ್ತಾ 16 ವರ್ಷ ತಳ್ಳಿದ್ರು, ಅದಕ್ಕೇ ಇರ್ಬೇಕು ಜನ ಬೆಳಕು ಹರಿಯೋಕ್ ಮುಂಚೆನೇ ಸಾಲು ನಿಂತಿದ್ರು, ಹೆಂಗಸರದ್ದು ಬೇರೆ ಸಾಲು, ಅದೇ ಉದ್ದ ಇತ್ತು.

ನಮ್ ವಾರ್ಡಿನ ನರ್ಸ್ ಒಬ್ಳು ಓಟು ಹಾಕಿ ಮಧ್ಯಾಹ್ನ ಡ್ಯೂಟಿಗೆ ಬಂದೋಳೇ ಕೈ ಚಾಚಿದ್ಲು. ಹಬ್ಬಕ್ಕೆ ಹಾಕ್ಕೊಂಡಿದ್ದ ಗೋರಂಟಿ ಮಾಸಿ ಕಿತ್ತಳೆ ಬಣ್ಣ ಆಗಿತ್ತು, ಅದರ ಮೇಲೆ ಬೆರಳ ತುದೀಲಿ ಕಪ್ಪು ಇಂಕು. ಇಂಥ ಇಂಕ್ ನಮ್ ಮೈಸೂರಲ್ಲೂ ಮಾಡ್ತಾರೆ ಕಣೇ, ಬೇರೆ ದೇಶಕ್ಕೂ ಕಳಿಸ್ತಾರೆ ಅಂದೆ, ಕಣ್ಣು ಅಗಲ ಮಾಡಿದ್ಲು. ಆಮೇಲೆ ಪ್ರತಿ ಪೇಷಂಟ್ ಮುಟ್ಟಿ ಕೈ ತೊಳೆದಾಗ್ಲೂ ಇದೆಯಾ ಹೋಯ್ತಾ ಅಂತ ಬೆರಳು ನೋಡ್ಕೊಳೋಳು.

ಒಂದು ವಾರದೊಳಗೆ ರಿಸಲ್ಟ್ ಬಂತು. ಒಟ್ಟು 82 ಸೀಟು, ವಿರೋಧ ಪಕ್ಷ ವದ್ದಾನಿಗೆ 31, ಆಳೋ ಕುಲ್ಮಿಯೆಗೆ 30, ಇನ್ನೊಂದು ಪಕ್ಷ ಯುಸಿಐಡಿಗೆ 21. ಇಲ್ಲಿ ಸಂವಿಧಾನದ ಪ್ರಕಾರ ಇರೋದೇ ಮೂರು ಪಕ್ಷ. ಗಲಾಟೆ ಇಲ್ದೆ ಮುಗೀತು, ಸೋತೋರೂ ಒಪ್ಕೊಂಡ್ರು.

ಆದ್ರೆ ಅಮ್ಮಾ, 13 ಜನ ಹೆಂಗಸರು ನಿಂತಿದ್ರು, ಒಬ್ರೂ ಗೆಲ್ಲಲಿಲ್ಲ. ನಂಗೆ ಎರಡು ದಿನ ಊಟ ಸೇರ್ಲಿಲ್ಲ. ಅಷ್ಟು ಉದ್ದ ಸಾಲು ನಿಂತಿದ್ರಲ್ಲ! ಯಾಕೆ ಅಂತ ಆ ನರ್ಸನ್ನೇ ಕೇಳ್ದೆ. ಇಲ್ಲಿ ಓಟು ಬೀಳೋದು ಕುಲ ನೋಡಿ, ಹೆಂಗಸು ನಿಂತ್ರೆ ತವರಿನ ಕುಲದೋರು ನೀನು ಗಂಡನ ಕಡೆಯೋಳು ಅಂತಾರಂತೆ, ಗಂಡನ ಕಡೆಯೋರು ನೀನು ಅಪ್ಪನ ಕಡೆಯೋಳು ಅಂತಾರಂತೆ, ಕೊನೆಗೆ ಅವಳನ್ನ ನಮ್ಮೋಳು ಅನ್ನೋರೇ ಇಲ್ಲ. ಅಜ್ಜಿ ಹೇಳ್ತಿದ್ರಲ್ಲ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ, ಅದೇ ನೆನಪಾಯ್ತು. ಮೀಸಲಾತಿ ಕೊಡಿ ಅಂತ ಇಲ್ಲಿಯ ಹೆಂಗಸರು ಎಷ್ಟೋ ವರ್ಷದಿಂದ ಕೇಳ್ತಿದಾರೆ, ಈ ಸಲಾನೂ ಕೊಡ್ಲಿಲ್ಲ. ಒಂದು ಸಮಾಧಾನ, ಗಬೋಯೆ ಅಂತ ಎಲ್ರೂ ಕೀಳಾಗಿ ಕಾಣೋ ಜನ ಇದಾರೆ, ಅವರಲ್ಲಿ ಬರ್ಖದ್ ಜಾಮಾ ಬಾತುನ್ ಅನ್ನೋರು ಹರ್ಗೇಸಾದಲ್ಲಿ ಎಲ್ರಿಗಿಂತ ಜಾಸ್ತಿ ಓಟು ತಗೊಂಡು ಗೆದ್ರು, ಅಂದ್ರೆ ಜನ ಮನಸ್ಸು ಮಾಡಿದ್ರೆ ಕುಲ ದಾಟ್ತಾರೆ.

ನಮ್ ಪಂಚಾಯ್ತೀಲಿ ಅರ್ಧ ಸೀಟು ಹೆಂಗಸರಿಗೆ, ನಮ್ಮಮ್ಮನೂ ಡಿಸೆಂಬರ್‌ನಲ್ಲಿ ಗೆದ್ರು ಅಂದ್ರೆ ಅವಳು ನಂಬ್ಲೇ ಇಲ್ಲ. ನೀನು ಮೀಟಿಂಗಲ್ಲಿ ಕುರ್ಚಿ ಮೇಲೆ ಕೂತಿರೋ ಫೋಟೋ ಒಂದು ತೆಗೆಸಿ ತಮ್ಮನ ಹತ್ರ ವಾಟ್ಸಾಪ್ ಮಾಡ್ಸು. ಹಿಂದಿನ ಸಾಲಲ್ಲಿ ಅಲ್ಲ, ಮುಂದೆ ಕೂತಿರೋದು. ದಿನಾ ಕೇಳ್ತಾಳೆ.

ನಿನ್ನ ಮಗಳು