ಮಸ್ಕಿ ರಾಡ್: ನೋಡಬೇಕಾದ್ದು ಲೂರಿನ ತೂಕ

ಮಾನ್ಯ ಸಂಪಾದಕರೇ,

ಅಮೆರಿಕದ ಉತ್ತರ ಭಾಗದ ಕೆರೆಗಳಲ್ಲಿ ಮಸ್ಕಿ ಎಂಬ ದೊಡ್ಡ ಬೇಟೆಗಾರ ಮೀನಿಗೆ ಗಾಳ ಹಾಕುವ ಹವ್ಯಾಸದ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಮಿನ್ನೆಸೋಟದಲ್ಲಿ ನೆಲೆಸಿರುವ ನಾನು ಆಸಕ್ತಿಯಿಂದ ಓದಿದೆ. ಮೀನಿನ ಸ್ವಭಾವವನ್ನೂ ಕೆರೆಗಳ ಚೆಲುವನ್ನೂ ಲೇಖಕರು ಚೆನ್ನಾಗಿ ಬಣ್ಣಿಸಿದ್ದಾರೆ. ಆದರೆ ‘ಮೀನು ದೊಡ್ಡದು, ಆದ್ದರಿಂದ ಅಂಗಡಿಯಲ್ಲಿ ಸಿಗುವ ಅತ್ಯಂತ ಗಟ್ಟಿಯಾದ ರಾಡ್ ಕೊಂಡರೆ ಆಯಿತು’ ಎಂಬ ಅವರ ಸಲಹೆಯನ್ನು ಒಪ್ಪುವುದು ಕಷ್ಟ. ಕೆಲಸದ ಮೇಲೆ ಇಲ್ಲಿಗೆ ಬರುವ ಕನ್ನಡಿಗರಲ್ಲಿ ಗಾಳದ ಹುಚ್ಚಿರುವವರು ಸಾಕಷ್ಟು ಮಂದಿ ಇದ್ದಾರೆ; ಈ ಮಾತು ನಂಬಿ ಅವರು ನೂರಾರು ಡಾಲರ್ ಕಳೆದುಕೊಳ್ಳಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೀನಿನ ಗಾತ್ರವೇ ರಾಡನ್ನು ತೀರ್ಮಾನಿಸುವುದಾದರೆ ಮಸ್ಕಿಗಿಂತ ನಮ್ಮ ಮಹಶೀರ್ ಮೀನಿಗೆ ಹೆಚ್ಚು ಭಾರಿ ರಾಡ್ ಬೇಕಾಗಬೇಕಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ವಿಸ್ಕಾನ್ಸಿನ್ ರಾಜ್ಯದ ಹೇವರ್ಡ್ ಬಳಿ 1949ರಲ್ಲಿ ಸಿಕ್ಕ, ಇಂದಿಗೂ ವಿಶ್ವದಾಖಲೆಯೆಂದು ಉಲ್ಲೇಖಿಸಲಾಗುವ ಮಸ್ಕಿಯ ತೂಕ 67 ಪೌಂಡ್ 8 ಔನ್ಸ್. ಆದರೂ ಕಾವೇರಿಯಲ್ಲಿ ರಾಗಿ ಹಿಟ್ಟಿನ ಉಂಡೆ ಎಸೆಯಲು ಒಗ್ಗುತ್ತಿದ್ದ ರಾಡ್ ಮಸ್ಕಿಗೆ ಎಸೆಯುವ ದೊಡ್ಡ ಲೂರುಗಳಿಗೆ, ಅಂದರೆ ಕೊಕ್ಕೆ ಕಟ್ಟಿದ ಕೃತಕ ಆಮಿಷಗಳಿಗೆ, ಒಗ್ಗುವುದಿಲ್ಲ. ಮಹಶೀರ್ ರಾಡಿನ ನಿಜವಾದ ಪರೀಕ್ಷೆ ಶುರುವಾಗುತ್ತಿದ್ದುದು ಮೀನು ಕಚ್ಚಿದ ಮೇಲೆ. ಮಸ್ಕಿಯಾದರೋ ಕಚ್ಚುವುದೇ ಅಪರೂಪ. ‘ಹತ್ತು ಸಾವಿರ ಎಸೆತದ ಮೀನು’ ಎಂದು ಇಲ್ಲಿನವರು ಅದನ್ನು ಕರೆಯುವುದು ಬರಿಯ ತಮಾಷೆಗಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ರಾಡ್ ಮಾಡುವ ಕೆಲಸವೆಂದರೆ ಭಾರವಾದ ಲೂರನ್ನು ಎಸೆಯುವುದು ಮತ್ತು ಎಳೆಯುವುದು. ಹೀಗಾಗಿ ರಾಡನ್ನು ಆ ಭಾರಕ್ಕೆ ಹೊಂದಿಸಿ ಆರಿಸಬೇಕು.

ಆ ಭಾರ ಎಷ್ಟೆಂಬುದು ಊರಿನಲ್ಲಿ ಗಾಳ ಹಾಕಿದವರ ಅಂದಾಜಿಗೆ ಸುಲಭವಾಗಿ ಸಿಗುವಂಥದ್ದಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಸ್ಪಿನ್ನಿಂಗ್ ರಾಡುಗಳು ಹತ್ತಾರು ಗ್ರಾಂ ತೂಕದ ಲೂರುಗಳಿಗಾಗಿ ತಯಾರಾದವು. ಮಸ್ಕಿಗೆ ಬಳಸುವ ‘ಬುಲ್ ಡಾಗ್’ ಎಂಬ ರಬ್ಬರಿನಂತಹ ಮೆದು ಲೂರಿನ ದೊಡ್ಡ ಅಳತೆಯೊಂದಕ್ಕೆ ‘ಪೌಂಡರ್’ ಎಂದೇ ಹೆಸರು; ಅಂದರೆ ಸುಮಾರು 16 ಔನ್ಸ್, ಹೆಚ್ಚುಕಡಿಮೆ 450 ಗ್ರಾಂ. ಅರ್ಧ ಕಿಲೋ ಸಕ್ಕರೆಯ ಪೊಟ್ಟಣವನ್ನು ಕೋಲಿನ ತುದಿಗೆ ಕಟ್ಟಿ ದಿನವಿಡೀ ಬೀಸಿದಂತೆ ಎಂದರೆ ಅಂದಾಜು ಸಿಕ್ಕೀತು.

ರಾಡಿನ ಬುಡದ ಬಳಿ ‘ಹೆವಿ’, ‘ಎಕ್ಸ್‌ಟ್ರಾ ಹೆವಿ’ ಎಂದು ಅಚ್ಚು ಹಾಕಿರುತ್ತಾರೆ. ಈ ಪದಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಯಾವುದೂ ಇಲ್ಲ. ಒಬ್ಬರ ಹೆವಿ ಇನ್ನೊಬ್ಬರ ಎಕ್ಸ್‌ಟ್ರಾ ಹೆವಿಗೆ ಸಮನಾಗಿರಬಹುದು. ಓದಬೇಕಾದ್ದು ಅದರ ಪಕ್ಕದಲ್ಲಿ ಔನ್ಸ್‌ಗಳಲ್ಲಿ ಬರೆದಿರುವ ಲೂರಿನ ತೂಕದ ಮಿತಿಯನ್ನು. ಅದನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು. 4ರಿಂದ 12 ಔನ್ಸ್ ಎಂದಿರುವ ರಾಡಿನಲ್ಲಿ 12 ಔನ್ಸ್ ಎಸೆಯಬಹುದು ನಿಜ, ಆದರೆ ಸಂಜೆಯವರೆಗೂ ಅದನ್ನೇ ಮಾಡಿದರೆ ರಾಡೂ ದಣಿಯುತ್ತದೆ, ಭುಜವೂ ದಣಿಯುತ್ತದೆ. ಪೌಂಡರ್ ಎಸೆಯಬೇಕೆನ್ನುವವರು ಮೇಲಿನ ಮಿತಿ 16 ಔನ್ಸನ್ನು ದಾಟಿರುವ ರಾಡನ್ನೇ ಹುಡುಕುವುದು ಒಳ್ಳೆಯದು.

ಹಾಗೆಂದು ಒನಕೆಯಂತಹ ರಾಡ್ ತರಬೇಕಾಗಿಲ್ಲ. ಕೈಯನ್ನು ಹಿಂದಕ್ಕೆ ಬೀಸಿದಾಗ ಲೂರಿನ ತೂಕಕ್ಕೆ ರಾಡ್ ಬಾಗಬೇಕು. ಆ ಬಾಗು ನೆಟ್ಟಗಾಗುವಾಗ ಲೂರು ದೂರ ಹೋಗುತ್ತದೆ. ಬಾಗದ ರಾಡಿನಲ್ಲಿ ಎಲ್ಲ ಕೆಲಸವನ್ನೂ ಎಸೆಯುವವನ ಮೊಣಕೈಯೇ ಮಾಡಬೇಕಾಗುತ್ತದೆ. ಅತಿಯಾಗಿ ಬಾಗುವ ರಾಡಿನಲ್ಲಿ ಲೂರು ಹಿಂದೆಯೇ ಜೋಲಾಡಿ, ಎಸೆತ ದಿಕ್ಕು ತಪ್ಪುತ್ತದೆ. ಅಂಗಡಿಯವರ ಅನುಮತಿ ಪಡೆದು, ಎಸೆಯಬೇಕೆಂದಿರುವ ಲೂರಿನಷ್ಟೇ ತೂಕವನ್ನು ತುದಿಗೆ ತೂಗುಹಾಕಿ ರಾಡನ್ನು ಅಡ್ಡಲಾಗಿ, ನಿಧಾನವಾಗಿ ಎತ್ತಿ ನೋಡಬೇಕು. ಮೇಲಿನ ಭಾಗ ಧಾರಾಳವಾಗಿ ಬಾಗಿ, ದಾರ ಸುತ್ತುವ ರೀಲಿನ ಸಮೀಪದ ಬುಡ ಅಲ್ಲಾಡದೆ ನಿಂತರೆ ಅದು ಹೊಂದುವ ರಾಡ್. ಬುಡದವರೆಗೂ ಬಾಗು ಇಳಿದು ಬಂದರೆ ಅದನ್ನು ಅಲ್ಲೇ ಬಿಟ್ಟು ಬರುವುದು ಮೇಲು.

ಉದ್ದದ ವಿಷಯವನ್ನು ಲೇಖಕರು ಪ್ರಸ್ತಾಪಿಸಿಯೇ ಇಲ್ಲ. ಹಿಂದೆ ಮಸ್ಕಿ ರಾಡುಗಳು ಗಿಡ್ಡವಾಗಿಯೂ ಬಿರುಸಾಗಿಯೂ ಇರುತ್ತಿದ್ದವು. ಈಗ ಭಾರಿ ಲೂರುಗಳಿಗೆ ಒಂಬತ್ತು ಅಡಿಯ ಆಸುಪಾಸಿನ ರಾಡುಗಳನ್ನು ಹೆಚ್ಚು ಮಂದಿ ಬಳಸುತ್ತಾರೆ. ಉದ್ದದ ರಾಡನ್ನು ಎರಡೂ ಕೈಯಲ್ಲಿ ಹಿಡಿದು, ಝಾಡಿಸದೆ, ಅಗಲವಾದ ಚಾಪದಲ್ಲಿ ಬೀಸಿದರೆ ಅರ್ಧ ಕಿಲೋ ತೂಕವೂ ಸಲೀಸಾಗಿ ಹೋಗುತ್ತದೆ. ಇದಕ್ಕೆ ರೀಲಿನ ಕೆಳಗಿನ ಹಿಡಿಯೂ ಉದ್ದವಾಗಿರಬೇಕು, ಏಕೆಂದರೆ ಎಸೆಯುವಾಗ ಕೆಳಗಿನ ಕೈ ತನ್ನತ್ತ ಸೆಳೆಯುವ ಬಲವೇ ಮುಖ್ಯ. ಇನ್ನೊಂದು ಕಾರಣವೂ ಇದೆ. ಮಸ್ಕಿ ಎಷ್ಟೋ ಸಲ ಲೂರನ್ನು ದೋಣಿಯವರೆಗೂ ಹಿಂಬಾಲಿಸಿ ಬರುತ್ತದೆ; ಆಗ ರಾಡಿನ ತುದಿಯನ್ನು ನೀರಿನಲ್ಲಿಳಿಸಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಲೂರನ್ನು ಸುತ್ತಿಸುತ್ತಾರೆ. ಗಿಡ್ಡ ರಾಡಿನಲ್ಲಿ ತಿರುವುಗಳು ಇಕ್ಕಟ್ಟಾಗಿ ದೊಡ್ಡ ಮೀನು ತಿರುಗಲಾರದೆ ಹೊರಟುಹೋಗುತ್ತದೆ. ಆದರೆ ಎತ್ತರ ಕಡಿಮೆ ಇರುವವರು ಅಥವಾ ತಗ್ಗಾದ ದೋಣಿಯಲ್ಲಿ ನಿಲ್ಲುವವರು ಒಂಬತ್ತೂವರೆ ಅಡಿ ಕೊಂಡರೆ, ಲೂರನ್ನು ಕೆಳಮುಖವಾಗಿ ಸೆಳೆದಾಗಲೆಲ್ಲ ತುದಿ ನೀರಿಗೆ ಬಡಿಯುತ್ತದೆ. ಅಂಥವರಿಗೆ ಎಂಟೂವರೆ ಅಡಿ ಸಾಕು.

ದಾರವನ್ನೂ ಇದೇ ಕಣ್ಣಿನಿಂದ ನೋಡಬೇಕು. 80ರಿಂದ 100 ಪೌಂಡ್ ಬಲದ ಬ್ರೇಡ್ (ಹೆಣೆದ) ದಾರ ಏಕೆ, ಮೀನೇ ಅಷ್ಟು ತೂಗುವುದಿಲ್ಲವಲ್ಲ ಎಂದು ಹೊಸಬರು ಕೇಳುತ್ತಾರೆ. ಎಸೆತದ ನಡುವೆ ರೀಲಿನಲ್ಲಿ ದಾರ ಗೋಜಲಾಗಿ ಥಟ್ಟನೆ ನಿಂತರೆ, ಗಾಳಿಯಲ್ಲಿರುವ ಅರ್ಧ ಕಿಲೋ ಲೂರಿನ ವೇಗವೆಲ್ಲ ಆ ಒಂದು ಕ್ಷಣದಲ್ಲಿ ದಾರದ ಮೇಲೂ ರಾಡಿನ ತುದಿಯ ಮೇಲೂ ಬೀಳುತ್ತದೆ. ತೆಳು ದಾರವಾದರೆ ದುಬಾರಿ ಲೂರು ಅದರ ದೊಡ್ಡ ಕೊಕ್ಕೆಗಳ ಸಮೇತ ಕೆರೆಗೆ ಹಾರಿಹೋಗುತ್ತದೆ. ದೋಣಿಯಲ್ಲಿ ಇನ್ನೊಬ್ಬರಿದ್ದರೆ ಅಪಾಯ ಬೇರೆ.

ಎಲ್ಲದಕ್ಕೂ ಒಂದೇ ರಾಡ್ ಸಾಲುವುದಿಲ್ಲವೆಂಬುದನ್ನೂ ಹೇಳಬೇಕು. ನೀರಿನಲ್ಲಿ ತಿರುಗುವ ದೊಡ್ಡ ಲೋಹದ ಬ್ಲೇಡುಗಳ ಜೋಡಿಯಿರುವ ‘ಬಕ್‌ಟೇಲ್’ ಎಂಬ ಲೂರು ತೂಕದಲ್ಲಿ ಪೌಂಡರಿನ ಹತ್ತಿರಕ್ಕೂ ಬರುವುದಿಲ್ಲ, ಆದರೆ ನೀರಿನಲ್ಲಿ ಬಲವಾಗಿ ಎಳೆಯುತ್ತದೆ. ಅದಕ್ಕೆ 3ರಿಂದ 8 ಔನ್ಸಿನ, ತುದಿ ಸ್ವಲ್ಪ ಮೆದುವಾದ ರಾಡ್ ಒಪ್ಪುತ್ತದೆ. ಮೊದಲ ವರ್ಷ ಅಂಥದ್ದೊಂದನ್ನು ಕೊಂಡು, ಪೌಂಡರಿನ ಆಸೆಯನ್ನು ಮುಂದಕ್ಕೆ ಹಾಕುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಮಿನ್ನೆಸೋಟದ ಹೆಚ್ಚಿನ ನೀರುಗಳಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ದೊಡ್ಡದನ್ನೂ ಬಹುತೇಕರು ಮರಳಿ ನೀರಿಗೆ ಬಿಡುತ್ತಾರೆ. ಮೀನನ್ನು ದಣಿಸದೆ ಬೇಗ ದೋಣಿಯ ಪಕ್ಕಕ್ಕೆ ತರಲು ಈ ರಾಡೂ ಧಾರಾಳವಾಗಿ ಸಾಕಾಗುತ್ತದೆ.

ಮುಂದಿನ ಪುರವಣಿಯಲ್ಲಿ ಆ ಸಲಹೆಯನ್ನು ತಿದ್ದಿ, ಒಂದು ಔನ್ಸ್ ಸುಮಾರು 28 ಗ್ರಾಂ ಎಂಬ ಲೆಕ್ಕವನ್ನೂ ಜೊತೆಗೆ ಕೊಟ್ಟರೆ ಇಲ್ಲಿ ರಾಡ್ ಕೊಳ್ಳಲು ಹೊರಟ ಓದುಗರಿಗೆ ಅನುಕೂಲವಾದೀತು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಸೇಂಟ್ ಪಾಲ್, ಮಿನ್ನೆಸೋಟ